ಚುಕ್ಕಿ ಇಡದ ಗುಂಡಿ

ಇಂದುಜಾ ಮಗ್ಗದ ಗುಂಡಿಗೆ ಇಳಿದು ಎರಡು ಕೈಯಲ್ಲೂ ತಡಕಾಡುತ್ತಿದ್ದಳು. ತುಳಿಯುವ ಹಲಗೆಯ ಕೆಳಗೆ ನೂಲಿನ ಚೂರು ಸಿಕ್ಕಿತು, ನೂಲು ಸುತ್ತುವ ಒಡೆದ ಕಂಡಿಕೆ ಸಿಕ್ಕಿತು, ಅಜ್ಜಿಗೆ ತಿಳಿಯದಂತೆ ತಾತ ಬಚ್ಚಿಟ್ಟಿದ್ದ ಅರ್ಧ ಕಟ್ಟು ಬೀಡಿಯೂ ಸಿಕ್ಕಿತು. ತಾತನ ಹಾಡುಗಳ ನೋಟುಪುಸ್ತಕ ಮಾತ್ರ ಸಿಗಲಿಲ್ಲ.

ಗೋಡೆಯ ಆಚೆ, ಅಂಗಳದಲ್ಲಿ, ತಾತನಿಗೆ ಸ್ನಾನ ಮಾಡಿಸುತ್ತಿದ್ದರು.

"ಯಾರಲಾ ನೀರ ಇಷ್ಟು ಕುದಿಸಿರೋದು? ಮನುಷ್ಯನ್ನ ತೊಳೀತೀರಾ, ಕೋಳಿ ತೊಳೀತೀರಾ?" ಅದು ಎದುರುಮನೆಯ ಚೆಲ್ಲಮ್ಮನ ದನಿ. ತಮಿಳುನಾಡಿನ ಎಡಪ್ಪಾಡಿಯ ಆ ಕನ್ನಡ ನೇಕಾರರ ಬೀದಿಯಲ್ಲಿ ಸಾವಾಗಲಿ, ಸೀಮಂತವಾಗಲಿ, ಚೆಲ್ಲಮ್ಮ ಬಂದು ಬಯ್ದ ಮೇಲೇ ಕೆಲಸ ನೆಟ್ಟಗಾಗುತ್ತಿತ್ತು.

"ತಣ್ಣೀರು ಸೇರ್ಸಿದೀವಿ, ಅತ್ತೆ."

"ಇನ್ನೊಂದ್ ಚೊಂಬು ಸೇರ್ಸಿ. ಪುಟ್ಟಪ್ಪಣ್ಣ ಚಳಿಗಾಲದಾಗೂ ಬಿಸಿನೀರು ಕಂಡ್ರೆ ಓಡಿಓಗ್ತಿದ್ದ."

ತಾತನಿಗೆ ಎಪ್ಪತ್ತೆಂಟಾಗಿತ್ತು. ಹಿಂದಿನ ದಿನ ಮಧ್ಯಾಹ್ನ ಉಂಡು, ಮಗ್ಗದ ಪಕ್ಕ ಚಾಪೆ ಹಾಕಿಕೊಂಡು ಮಲಗಿದವರು ಏಳಲಿಲ್ಲ. ಅಷ್ಟೇ. ಕಾಯಿಲೆಯಿಲ್ಲ, ಆಸ್ಪತ್ರೆಯಿಲ್ಲ. ಬಂದವರೆಲ್ಲ "ಒಳ್ಳೆ ಸಾವು" ಎಂದು ಹೇಳಿ, ಅಳುವುದೋ ಬೇಡವೋ ತಿಳಿಯದೆ ಕಾಫಿ ಕುಡಿಯುತ್ತಿದ್ದರು.

ಜಗುಲಿಯಲ್ಲಿ ಇಂದುಜಾಳ ಅಪ್ಪ ಸೆಲ್ವಂ ಫೋನಿನಲ್ಲಿ ಮಾತಾಡುತ್ತಿದ್ದ. "ಅನ್ನೊಂದಕ್ಕೆ ಎತ್ತೋದು. ಬ್ಯಾಂಡ್ ಸೆಟ್ಟು ಅತ್ತೂವರೆಗೇ ಬಂದ್ಬುಡ್ಲಿ."

ಅವನು ಫೋನು ಇಡುವವರೆಗೂ ಕಾದು ಅಜ್ಜಿ ಮಂಜುಳಮ್ಮ ಕೇಳಿದರು. "ಬ್ಯಾಂಡ್ ಸರಿ. ಆಡು?" ಆ ಬೀದಿಯವರ ಬಾಯಲ್ಲಿ 'ಹ' ನಿಲ್ಲುವುದಿಲ್ಲ; ಹಾಡು ಆಡಾಗುತ್ತದೆ, ಹೇಳು ಏಳಾಗುತ್ತದೆ.

"ಯಾವ ಆಡು?"

"ಅವರ ಆಡು. ನನ್ನ ಕಳ್ಸೋವಾಗ ಅದ ಆಡ್ಬೇಕು, ಅದೂ ಸರಿಯಾಗಿ ಆಡ್ಬೇಕು ಅಂದಿದ್ರು."

"ಅವ್ವಾ, ಅದ ಬುಟ್ಬುಡು. ಊರೆಲ್ಲ ನಕ್ಕಿದ್ದು ಸಾಲ್ದಾ? ಇವತ್ತೂ ಆ ಕುಂಡಿ ಪುರಾಣ ಬೇಕಾ?"

ಗುಂಡಿಯೊಳಗೆ ಇಂದುಜಾಳ ಕೈ ನಿಂತಿತು. ಊರು ನಕ್ಕಿದ್ದಕ್ಕೆ ಕಾರಣ ಅವಳೇ. ಅದು ಅವಳಿಗೆ ಗೊತ್ತಿತ್ತು, ತಾತನಿಗೆ ಗೊತ್ತಿತ್ತು. ಅಪ್ಪನಿಗೆ ಗೊತ್ತಿರಲಿಲ್ಲ.

*

ಪುಟ್ಟಪ್ಪ ನೇಯುತ್ತಲೇ ಹಾಡು ಕಟ್ಟುತ್ತಿದ್ದರು. ಕಾಲು ತುಳಿದ ಹಾಗೆ ತಾಳ, ಲಾಳಿ ಓಡಿದ ಹಾಗೆ ಮಾತು. ಸೀರೆ ಮುಗಿಯುವ ಹೊತ್ತಿಗೆ ಹಾಡೂ ಮುಗಿಯುತ್ತಿತ್ತು, ಸೀರೆ ಮಾರಿದ ಮೇಲೆ ಮರೆತೂ ಹೋಗುತ್ತಿತ್ತು. ಅವರಿಗೆ ಬರೆಯಲು ಬಾರದು. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟು ಪಕ್ಕದಲ್ಲಿ ರಾಟೆ ಹಿಡಿದು ಕಂಡಿಕೆ ಸುತ್ತಲು ಕೂತ ಮೊಮ್ಮಗಳೇ ಅವನ್ನು ಬರೆದಿಡಲು ಶುರುಮಾಡಿದ್ದು. ಯಾರೂ ಹೇಳಿರಲಿಲ್ಲ. ಮಾತಾಡಲು ನಾಚಿಕೆ, ಬರೆಯಲು ನಾಚಿಕೆಯಿರಲಿಲ್ಲ.

ಆದರೆ ಅವಳ ಬಾಯಲ್ಲಿದ್ದದ್ದು ಕನ್ನಡ, ಕೈಯಲ್ಲಿದ್ದದ್ದು ತಮಿಳು ಅಕ್ಷರ. ತಮಿಳಿನಲ್ಲಿ ಕ-ಗ ಎರಡಕ್ಕೂ ಒಂದೇ ಅಕ್ಷರ. ತ-ದ ಎರಡಕ್ಕೂ ಒಂದೇ, ಪ-ಬ ಎರಡಕ್ಕೂ ಒಂದೇ. ಮೊದಲ ಹಾಡನ್ನು ಓದಿ ಹೇಳಿದಾಗ ತಾತ ಲಾಳಿ ನಿಲ್ಲಿಸಿ ನಕ್ಕರು.

"ನಾನು ಬಾಳು ಅಂದ್ರೆ ನೀನು ಪಾಳು ಅಂತೀಯಲ್ಲ ನನ್ ಕಣ್ಣು. ಒಂದ್ ಅಕ್ಷರದಾಗೆ ಮನೆ ಬೀಳಿಸ್ಬುಟ್ಟೆ!"

ಆಮೇಲೆ ಇಬ್ಬರೂ ಕೂತು ಒಂದು ದಾರಿ ಮಾಡಿಕೊಂಡರು. ಹಾಡು ಪೂರಾ ಬರೆದ ಮೇಲೆ ಇಂದುಜಾ ಅದನ್ನು ಗಟ್ಟಿಯಾಗಿ ಓದಬೇಕು. ಗ, ದ, ಬ ಎಂದು ದನಿ ದಪ್ಪವಾಗುವ ಕಡೆಯೆಲ್ಲ ಅಕ್ಷರದ ಕೆಳಗೆ ಕೆಂಪು ಪೆನ್ನಿನಲ್ಲಿ ಒಂದು ಚುಕ್ಕಿ ಇಡಬೇಕು. ಹತ್ತು ವರ್ಷದಲ್ಲಿ ನೋಟುಪುಸ್ತಕ ತುಂಬ ಕೆಂಪು ಚುಕ್ಕಿ. ದೂರದಿಂದ ನೋಡಿದರೆ ಸೀರೆಯ ಬುಟ್ಟಾದಂತೆ ಕಾಣುತ್ತಿತ್ತು.

ನಾಲ್ಕು ತಿಂಗಳ ಹಿಂದೆ ಸೇಲಂನ ಅಮ್ಮಾಪೇಟೆಯಿಂದ ಇಳಂಗೋ ಬಂದ. ಯಾವ ಸಿನಿಮಾ, ಯಾವ ಕಂಪನಿಯ ಹಂಗೂ ಇಲ್ಲದೆ ತಮ್ಮಷ್ಟಕ್ಕೆ ಹಾಡು ಮಾಡುವವರನ್ನು ಹುಡುಕಿ, ಅವರ ಕತೆ ಕೇಳಿ, ಯೂಟ್ಯೂಬಿನಲ್ಲಿ ಹಾಕುತ್ತಿದ್ದ. ಅವನೂ ಕನ್ನಡದ ಮನೆಯವನೇ. ಆದರೆ ಕನ್ನಡ ಕೇಳಿದ್ದು ಅಜ್ಜಿ ಬಯ್ಯುವಾಗ ಮಾತ್ರ. ಬೀದಿಯಲ್ಲಿ ನಿಂತು "ಆಡು ಕಟ್ಟೋರ ಮನೆ ಯಾವುದು?" ಎಂದು ಕೇಳಿದ್ದಕ್ಕೆ ಯಾರೋ ಮೇಕೆ ಕಟ್ಟಿದ್ದ ಮನೆಗೆ ಕಳಿಸಿದ್ದರು. ಅಲ್ಲಿ ಅರ್ಧ ಗಂಟೆ ಕೂತು, ಮೇಚೇರಿ ಸಂತೆಯ ಮೇಕೆ ರೇಟೆಲ್ಲ ಕೇಳಿಕೊಂಡು ಬಂದಿದ್ದ.

ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಕೇಳಿದ. "ತಾತಾ, ನಿಮ್ಮ ಮ್ಯೂಸಿಕ್ ಜರ್ನಿ ಸ್ವಲ್ಪ ಏಳ್ತೀರಾ?"

"ಜರ್ನಿನಾ? ಈ ಗುಂಡಿ ಬುಟ್ಟು ನಾನು ಎಲ್ಲಿಗಪ್ಪ ಓದೆ?"

"ಅದಲ್ಲ ತಾತಾ. ಆಡು ಎಂಗೆ ಬರ್ತದೆ? ಯಾವುದ ನೋಡಿ ಬರ್ತದೆ?"

ತಾತ ಯೋಚಿಸಿದರು. "ನೂಲು ಅರಿದಾಗ ಬರಲ್ಲ. ಸರಾಗ ಓಗ್ತಿದ್ರೆ ಬರ್ತದೆ. ಆಮೇಲೆ ಇವಳು ಅಡುಗೆ ತಡ ಮಾಡಿದ ದಿವ್ಸ ಎರಡೆರಡು ಬರ್ತದೆ."

"ಅದೆಲ್ಲ ನನ್ನ ಬಯ್ಯೋ ಆಡು," ಎಂದರು ಅಜ್ಜಿ ಒಳಗಿಂದ.

"ಸರಿ, ಈಗ ನಿನ್ನ ಜರ್ನಿ ಏಳು ತಂಬಿ," ಎಂದರು ತಾತ.

ಯಾರೂ ಅವನನ್ನು ಹಾಗೆ ಕೇಳಿರಲಿಲ್ಲವೇನೋ. ಇಳಂಗೋ ಮೊಬೈಲಿನ ಹಿಂದಿನಿಂದ ಈಚೆ ಬಂದು ಹೇಳಿದ. ಮದುವೆ ಮನೆಗಳಲ್ಲಿ ಕೀಬೋರ್ಡ್ ನುಡಿಸುತ್ತಿದ್ದನಂತೆ. ಬೇರೆಯವರ ಹಾಡನ್ನೇ ನುಡಿಸಿ ನುಡಿಸಿ ಬೇಸರವಾಗಿ ಬಿಟ್ಟನಂತೆ. ಈಗ ಮನೆಯಲ್ಲೇ ರೆಕಾರ್ಡಿಂಗ್. ಸುತ್ತಲೂ ಪವರ್‌ಲೂಮ್ ಸದ್ದು, ಕರೆಂಟು ಹೋದಾಗ ಮಾತ್ರ ನಿಶ್ಶಬ್ದ. ಕರೆಂಟು ಹೋದರೆ ರೆಕಾರ್ಡಿಂಗೂ ಇಲ್ಲ.

ತಾತ ಹೊಟ್ಟೆ ಹಿಡಿದು ನಕ್ಕರು. "ಆ ಸದ್ದ ಯಾಕೆ ಓಡಿಸ್ತೀಯಾ? ಅದನ್ನೂ ಕೂರಿಸ್ಕೊಂಡು ಆಡು."

ಆ ದಿನ ಅವರಿಗೆ ಕೆಮ್ಮಿತ್ತು. ಹೊಸ ಹಾಡೊಂದನ್ನು ಬರೀ ಗುನುಗಿ, "ಮಾತು ಪುಸ್ತಕದಾಗೆ ಐತೆ, ನೀನೇ ಆಡ್ಕೋ," ಎಂದರು. ಇಳಂಗೋ ಆ ಪುಟದ ಫೋಟೋ ತೆಗೆದುಕೊಂಡ. ಹಿಂದಿನ ದಿನವಷ್ಟೇ ಬರೆದ ಪುಟ, ಇನ್ನೂ ಚುಕ್ಕಿ ಇಟ್ಟಿರಲಿಲ್ಲ. ಇಂದುಜಾ ಪಕ್ಕದಲ್ಲೇ ನಿಂತಿದ್ದಳು. 'ಅಣ್ಣಾ, ಚುಕ್ಕಿ ಇಡಬೇಕು' ಎಂಬ ಮಾತು ನಾಲಿಗೆಯವರೆಗೆ ಬಂತು. ಇಳಂಗೋ ತಲೆಯೆತ್ತಿ ಅವಳನ್ನು ನೋಡಿದ. ಮಾತು ವಾಪಸ್ಸು ಹೋಯಿತು.

*

ತಾತನಿಗೆ ಹೊಸ ಪಂಚೆ ಉಡಿಸಿ, ಹಣೆಗೆ ವಿಭೂತಿ ಬಳಿದು, ಅಂಗಳದ ಕುರ್ಚಿಯಲ್ಲಿ ಕೂರಿಸಿದ್ದರು. ಅವರ ಕಡೆ ಮಲಗಿಸುವುದಿಲ್ಲ. ಕೂರಿಸಿಯೇ ಕರೆದೊಯ್ದು, ಕೂರಿಸಿಯೇ ಮಣ್ಣು ಮಾಡುವುದು.

ಇಂದುಜಾ ಬರಿಗೈಲಿ ಗುಂಡಿಯಿಂದ ಎದ್ದು ಬಂದಳು. ಪುಸ್ತಕ ಸಿಕ್ಕಿದ್ದರೆ ಚುಕ್ಕಿ ಇಟ್ಟು ಇಳಂಗೋನ ಕೈಗೆ ಕೊಟ್ಟುಬಿಡಬಹುದಿತ್ತು. ಬಾಯಿ ತೆರೆಯುವ ಕೆಲಸವೇ ಇರುತ್ತಿರಲಿಲ್ಲ.

ಇಳಂಗೋ ಆಗಲೇ ಹಾರ ಹಿಡಿದು ಬಂದಿದ್ದ. ತಾತನ ಕಾಲಿಗೆ ಬಿದ್ದು ಎದ್ದು, ಸೆಲ್ವಂನ ಮುಂದೆ ನಿಂತ.

"ಅಣ್ಣಾ, ಒಂದ್ ಸಲ ಸರಿಯಾಗಿ ಆಡ್ತೀನಿ. ನನ್ನಿಂದ ಆದ ತಪ್ಪು."

"ಬೇಡಪ್ಪಾ. ಬಂದೆ, ಆರ ಆಕ್ದೆ. ಪೋದುಂ, ಸಾಕು."

ಸೆಲ್ವಂ ಕೆಟ್ಟವನಲ್ಲ. ಮಿನಿ ಬಸ್ ಓಡಿಸುವವನು. ನಾಲ್ಕು ತಿಂಗಳಿಂದ ಪ್ರತಿ ಸ್ಟಾಪಿನಲ್ಲೂ ಯಾರಾದರೊಬ್ಬರು ಕಿಟಕಿಗೆ ತಲೆ ತೂರಿಸಿ "ಏನ್ ಸೆಲ್ವಂ, ಕುಂಡೀಲಿ ಕೂತೀಯಾ?" ಎನ್ನುತ್ತಿದ್ದರು. ಡ್ರೈವರ್ ಆದವನಿಗೆ ಕೂರದೆ ವಿಧಿಯೂ ಇರಲಿಲ್ಲ.

*

ಆ ವಿಡಿಯೋ ಬಂದ ದಿನ ಮನೆಯವರೆಲ್ಲ ಒಂದೇ ಫೋನಿನ ಸುತ್ತ ಕೂತಿದ್ದರು. ಇಳಂಗೋ ಪವರ್‌ಲೂಮ್ ಸದ್ದನ್ನೇ ತಾಳವಾಗಿಟ್ಟು, ಕಣ್ಣು ಮುಚ್ಚಿ, ಎದೆ ತುಂಬಿ ಹಾಡಿದ್ದ.

'ಕುಂಡೀಲಿ ಕೂತೇನಿ, ಕುಂಡೀಲಿ ನಕ್ಕೇನಿ...'

ಅಜ್ಜಿ ಸೆರಗು ಬಾಯಿಗಿಟ್ಟರು. ಅಪ್ಪ ಎದ್ದು ಹೊರಗೆ ಹೋದ. ಹಾಡಿನಲ್ಲಿ ಇದ್ದದ್ದು ಗುಂಡಿ. ನೇಕಾರ ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಂಡಿ. ಸಂಜೆಯೊಳಗೆ ಎಡಪ್ಪಾಡಿಯ ಅರ್ಧ ಊರು ಅದನ್ನು ಹಾಡುತ್ತಿತ್ತು.

ಇಂದುಜಾ ರಾಟೆಯ ಮುಂದೆ ತಲೆ ತಗ್ಗಿಸಿ ಅಳುತ್ತಿದ್ದಳು. ತಾತ ಬಂದು ಮಗ್ಗದ ಅಂಚಿನಲ್ಲಿ ಕೂತರು. ಅವರ ಭುಜ ಅಲುಗುತ್ತಿತ್ತು. ಅವರೂ ಅಳುತ್ತಿದ್ದಾರೆಂದು ಅವಳು ಹೆದರಿ ನೋಡಿದರೆ, ನಗು.

"ಯಾಕಳ್ತೀಯಾ ಕಣ್ಣು? ಕುಂಡಿ ಇಲ್ದೆ ಗುಂಡೀಲಿ ಯಾರಾದ್ರೂ ಕೂರಕ್ಕಾಯ್ತದಾ? ಅವನೂ ನಿಜಾನೇ ಆಡವ್ನೆ!"

"ನಾನು ಏಳ್ಬೇಕಿತ್ತು ತಾತಾ. ಚುಕ್ಕಿ ಇಟ್ಟಿಲ್ಲ ಅಂತ."

"ಏಳ್ಬೇಕಿತ್ತು," ಎಂದು ಒಪ್ಪಿಕೊಂಡರು ತಾತ. ರಾಟೆಯ ಪಕ್ಕದಿಂದ ನೋಟುಪುಸ್ತಕ ಎತ್ತಿಕೊಂಡರು. "ಪುಸ್ತಕ ನನ್ನತ್ರ ಇರ್ಲಿ. ಊರು ನಗಾಡಿ ಮುಗೀಲಿ. ಆದ್ರೆ ನನ್ನ ಎತ್ತೋ ದಿವ್ಸ ಅದ ಸರಿಯಾಗಿ ಆಡ್ಸು. ಅವತ್ತು ನಾನು ನಿಂಗೆ ತಿದ್ದಿ ಏಳಕ್ಕಾಗಲ್ಲ."

*

ಬ್ಯಾಂಡಿನವರು ಸಿನಿಮಾ ಹಾಡೊಂದನ್ನು ಬಾರಿಸುತ್ತಿದ್ದರು. ಹೂವಿನ ಪಲ್ಲಕ್ಕಿ ಬಾಗಿಲಿಗೆ ಬಂದಿತ್ತು. ತಾತನನ್ನು ಎತ್ತಲು ನಾಲ್ವರು ಬಗ್ಗಿದಾಗ ಮಂಜುಳಮ್ಮ ಕುರ್ಚಿಯ ಕೈ ಹಿಡಿದುಕೊಂಡರು.

"ಅಲ್ಲೇ ನಿಲ್ಲಿ. ಐವತ್ತಾರು ವರ್ಷ ಇವರು ಕೇಳಿದ ಅಡುಗೆ ನಾನು ಒತ್ತಿಗೆ ಸರಿಯಾಗಿ ಕೊಡ್ಲಿಲ್ಲ. ಇದೊಂದ ಕೊಡ್ತೀನಿ. ಆಡಪ್ಪಾ ಇಳಂಗೋ."

ಸೆಲ್ವಂ ಅವ್ವನ ಮುಖ ನೋಡಿದ. ಕೈಯೆತ್ತಿ ಬ್ಯಾಂಡ್ ನಿಲ್ಲಿಸಿದ.

ಇಳಂಗೋ ಫೋನಿನಲ್ಲಿ ಆ ಹಳೆಯ ಫೋಟೋ ತೆರೆದು ಶುರುಮಾಡಿದ. ಒಮ್ಮೆ ಸುಟ್ಟುಕೊಂಡವನಲ್ಲವೇ, ಈ ಸಲ ಎಲ್ಲ ಕಡೆಯೂ ಎಚ್ಚರಿಕೆಯಿಂದ ದನಿ ದಪ್ಪ ಮಾಡಿದ.

"ಗುಂಡೀಲಿ ಗೂತೇನಿ, ಗುಂಡೀಲಿ ನಗ್ಗೇನಿ..."

ಜನ ಒಬ್ಬರ ಮುಖ ಒಬ್ಬರು ನೋಡಿದರು. ಅವನು ಬೆವರುತ್ತ ಮುಂದುವರಿದ.

"ಒಂದ್ ಗುಂಡಿ ಅಪ್ಪ ಗೊಟ್ಟ..."

"ಅದ್ಯಾಕೆ ತಂಬೀ ಗೊಟ್ಟ?" ಎಂದಳು ಚೆಲ್ಲಮ್ಮ. "ದನಕ್ಕೆ ಔಷಧಿ ಕುಡ್ಸೋ ಗೊಟ್ಟವಾ?"

ಹಿಂದಿನ ಸಾಲಿನಲ್ಲಿ ಯಾರೋ ತಡೆಯಲಾರದೆ ನಕ್ಕರು. ಇನ್ನೊಬ್ಬರು ಕೆಮ್ಮಿದ ಹಾಗೆ ಮಾಡಿ ನಕ್ಕರು. ಸೆಲ್ವಂನ ಮುಖ ಕಪ್ಪಾಯಿತು. "ಸಾಕು, ನಿಲ್ಸು. ಎತ್ರಪ್ಪಾ," ಎಂದ. ಡೋಲಿನವನು ಕೋಲು ಎತ್ತಿದ.

"ಕೊಟ್ಟ."

ಬಾಗಿಲ ಕಡೆಯಿಂದ ಬಂದ ಮಾತು. ಗಟ್ಟಿಯಾಗೇನೂ ಇರಲಿಲ್ಲ. ಯಾರು ಅಂದಿದ್ದೆಂದು ಎಲ್ಲರೂ ತಿರುಗಿದರು. ಇಂದುಜಾ ಕೂಡ ಒಂದು ಕ್ಷಣ ಪಕ್ಕಕ್ಕೆ ತಿರುಗಿ ನೋಡಿದಳು. ಪಕ್ಕದಲ್ಲಿ ಯಾರೂ ಇರಲಿಲ್ಲ.

"ಅಪ್ಪ ಕೊಟ್ಟ," ಎಂದಳು. "ಕೂತೇನಿ. ನಕ್ಕೇನಿ. ಅಲ್ಲಿಗೆಲ್ಲ ಚುಕ್ಕಿ ಇಲ್ಲ ಅಣ್ಣಾ."

"ಅಂಗಾದ್ರೆ ನೀನೇ ಆಡು," ಎಂದಳು ಚೆಲ್ಲಮ್ಮ.

ಇಷ್ಟು ಜನರ ಮುಖ ನೋಡಿ ಹಾಡುವುದು ಅವಳಿಂದ ಸಾಧ್ಯವಿರಲಿಲ್ಲ. ಅವಳು ತಾತನ ಕಾಲು ನೋಡಿದಳು. ಅರವತ್ತು ವರ್ಷ ಹಲಗೆ ತುಳಿದು ಅಗಲವಾದ ಹೆಬ್ಬೆರಳು, ಯಾರು ಎಷ್ಟು ತೊಳೆದರೂ ಹೋಗದ ನೀಲಿ ಬಣ್ಣದ ಉಗುರು. ಆ ಹೆಬ್ಬೆರಳಿಗೇ ಹಾಡಿದಳು.

"ಗುಂಡೀಲಿ ಕೂತೇನಿ, ಗುಂಡೀಲಿ ನಕ್ಕೇನಿ,
ಗುಂಡೀಗೆ ಇಳಿದೋನ್ನ ಅಳಬ್ಯಾಡಿ.
ಒಂದ್ ಗುಂಡಿ ಅಪ್ಪ ಕೊಟ್ಟ, ಇನ್ನೊಂದು ಮಣ್ ಕೊಡ್ತು,
ನಡುವೆ ನಾ ನೆಯ್ದದ್ದು ನಿಮಗೈತಿ."

ದನಿ ಎರಡು ಸಲ ಒಡೆಯಿತು. ತಾಳ ಮಾತ್ರ ತಪ್ಪಲಿಲ್ಲ. ಅವಳಿಗೇ ತಿಳಿಯದೆ ಬಲಗಾಲು ನೆಲ ತುಳಿಯುತ್ತಿತ್ತು. ಎರಡನೇ ಸಲ ಹಾಡುವಾಗ ಅಂಗಳದಲ್ಲಿ ಇನ್ನೂ ಎಷ್ಟೋ ಕಾಲುಗಳು ತುಳಿಯುತ್ತಿದ್ದವು. ಎಲ್ಲ ನೇಕಾರರ ಕಾಲು, ಅವಕ್ಕೆ ಬೇರೆ ತಾಳ ಬರುವುದಿಲ್ಲ. ಡೋಲಿನವನು ಬೆರಳ ತುದಿಯಲ್ಲಿ ಮೆಲ್ಲಗೆ ಸೇರಿಕೊಂಡ.

ಸೆಲ್ವಂ ಅಪ್ಪನ ಹೆಗಲ ಮೇಲಿನ ಟವೆಲ್ಲನ್ನು ಸರಿಮಾಡಿದ. ಅದು ಸರಿಯಾಗಿಯೇ ಇತ್ತು.

ಬೀದಿಯ ಕೊನೆಯವರೆಗೆ ಹೆಂಗಸರೂ ಹೋದರು. ಅಲ್ಲಿಂದಾಚೆ ಗಂಡಸರು ಮಾತ್ರ. ಪಲ್ಲಕ್ಕಿ ತಿರುವಿನಲ್ಲಿ ಮರೆಯಾಗುವಾಗ ತಾತನ ತಲೆ ಮೆಲ್ಲಗೆ ಆ ಕಡೆ ಈ ಕಡೆ ತೂಗುತ್ತಿತ್ತು. ಲಾಳಿಯ ಜೊತೆ ತೂಗುತ್ತಿದ್ದಂತೆಯೇ.

*

ಮಧ್ಯಾಹ್ನ ಗಂಡಸರು ಒದ್ದೆ ಬಟ್ಟೆಯಲ್ಲಿ ವಾಪಸ್ಸು ಬಂದರು.

"ಚೆನ್ನಾಗಿ ಕೂರಿಸಿದ್ರಾ?" ಎಂದು ಕೇಳಿದರು ಮಂಜುಳಮ್ಮ.

"ಕೂರಿಸಿದ್ವಿ ಅವ್ವಾ. ಮಗ್ಗದ ಮುಂದೆ ಕೂತಂಗೇ ಇದ್ರು." ಸೆಲ್ವಂ ಜಗುಲಿಯಲ್ಲಿ ಕೂತು ತಲೆ ಒರೆಸಿಕೊಂಡ. ಮಗಳ ಕಡೆ ನೋಡದೆ ಹೇಳಿದ. "ಪಾಪೂ, ಮಣ್ಣಾಕೋವಾಗ ನಾನೂ ಒಂದ್ ಸಾಲು ಆಡ್ದೆ."

"ಸರಿಯಾಗಿ ಆಡಿದ್ಯಾ?" ಚೆಲ್ಲಮ್ಮ ಬಿಡಲಿಲ್ಲ.

"ಅಣ್ಣ ಚೆನ್ನಾಗೇ ಆಡ್ದ್ರು," ಎಂದ ಇಳಂಗೋ. "ರಾಗ ಸ್ವಲ್ಪ ಬಸ್ ಹಾರನ್ ತರ ಇತ್ತು."

ಸೆಲ್ವಂ ಒದ್ದೆ ಟವೆಲ್ಲನ್ನು ಅವನ ಮೇಲೆ ಎಸೆದ. ಆ ಮನೆಯಲ್ಲಿ ಆ ದಿನ ಮೊದಲ ಸಲ ಎಲ್ಲರೂ ಗಟ್ಟಿಯಾಗಿ ನಕ್ಕರು.

ಸಂಜೆ ಮಗ್ಗದ ಪಕ್ಕ ದೀಪ ಹಚ್ಚಬೇಕಿತ್ತು. ಇಂದುಜಾ ಎಣ್ಣೆ ಹಾಕುತ್ತ ಕೇಳಿದಳು. "ಅಜ್ಜೀ, ತಾತ ಪುಸ್ತಕ ಎಲ್ಲಿಟ್ಟಿದ್ರು?"

"ಅವರು ಕೂರೋ ಗೋಣಿ ಮಡಿಕೆಯೊಳಗೆ ನೋಡು. ಎತ್ತರ ಸಾಲಲ್ಲ ಅಂತ ಅದ್ರ ಮೇಲೇ ಕೂರ್ತಿದ್ರು."

"ಇರಬೇಕಾದ ಜಾಗದಾಗೇ ಐತೆ ಬುಡು," ಎಂದಳು ಚೆಲ್ಲಮ್ಮ ಹೊರಗಿನಿಂದ.

ಗೋಣಿಯ ಮಡಿಕೆಯಲ್ಲಿ ನೋಟುಪುಸ್ತಕವಿತ್ತು. ನಾಲ್ಕು ತಿಂಗಳ ಭಾರಕ್ಕೆ ಚಪ್ಪಟೆಯಾಗಿತ್ತು. ಇಂದುಜಾ ಗುಂಡಿಗೆ ಕಾಲು ಇಳಿಬಿಟ್ಟು, ತಾತನ ಜಾಗದಲ್ಲಿ ಕೂತು, ದೀಪದ ಬೆಳಕಿಗೆ ಆ ಪುಟ ಹಿಡಿದಳು. ಕೆಂಪು ಪೆನ್ನು ತೆಗೆದು ಗಟ್ಟಿಯಾಗಿ ಓದುತ್ತ ಚುಕ್ಕಿ ಇಡತೊಡಗಿದಳು. ಗುಂಡೀಲಿ ಕೂತೇನಿ, ಒಂದು ಚುಕ್ಕಿ. ಗುಂಡೀಗೆ ಇಳಿದೋನ್ನ, ಮೂರು. ಅಳಬ್ಯಾಡಿ, ಒಂದು. ಹೀಗೆ ಕೊನೆಯವರೆಗೂ ಇಟ್ಟು, ಮೊದಲ ಸಾಲಿನಲ್ಲಿ ಬೇಕೆಂದೇ ದಾಟಿ ಹೋಗಿದ್ದ ಜಾಗಕ್ಕೆ ಮರಳಿ ಬಂದಳು.

ನಕ್ಕೇನಿ ಎನ್ನುವ ಮಾತಿನ ಹಿಂದಿನ ಗುಂಡಿ. ಪೆನ್ನಿನ ತುದಿ ಆ ಅಕ್ಷರದ ಕೆಳಗೆ ನಿಂತಿತು. ಚುಕ್ಕಿ ಇಡದಿದ್ದರೆ ಅದು ತಾತನನ್ನು ನಗಿಸಿದ ಕುಂಡಿ.

ಅವಳು ಚುಕ್ಕಿ ಇಡದೆ ಪೆನ್ನಿಗೆ ಮುಚ್ಚಳ ಹಾಕಿ, ಪುಸ್ತಕವನ್ನು ಗೋಣಿಯ ಮಡಿಕೆಯೊಳಗಿಟ್ಟು, ಅದರ ಮೇಲೆ ಸರಿಯಾಗಿ ಕೂತಳು.