ಡಬ್ಬಿಯೊಳಗಿನ ರಾಗ

"ಇದರಲ್ಲಿ ಇನ್ನೂ ಜೀವ ಇದೆ" ಎಂದು ಗೊಣಗಿಕೊಂಡು ಅಕ್ಕ ಆ ಸೆಲ್ಲನ್ನು ಪಕ್ಕಕ್ಕಿಟ್ಟಳು. ಮುಂದಿನದಕ್ಕೆ ಮೀಟರಿನ ಕಡ್ಡಿಗಳನ್ನು ಹಚ್ಚಿ ನೋಡಿದಳು. ಅದು ಪೂರಾ ಸತ್ತಿತ್ತು, ಅದೂ ಬೇಡ. ಅವಳಿಗೆ ಬೇಕಾಗಿದ್ದದ್ದು ಅರ್ಧ ಸತ್ತ ಸೆಲ್ಲುಗಳು. ಮೊದಲಿಗೆ ಗಟ್ಟಿಯಾಗಿ ನಿಂತು, ತುಂಬಿದ ಸಭೆಯಲ್ಲಿ ನಡುದಾರಿಯಲ್ಲೇ ಕೈಕೊಡಬೇಕು. ಅಂಗಡಿಗಳ ಎಲೆಕ್ಟ್ರಾನಿಕ್ ತಕ್ಕಡಿ ರಿಪೇರಿ ಮಾಡುವವಳಿಗೆ ಹಳೇ ಸೆಲ್ಲಿಗೇನು ಬರವೇ? ವರ್ಕ್‌ಶಾಪಿನಿಂದ ಒಂದು ಚೀಲ ತುಂಬ ತಂದಿದ್ದಳು.

"ಅಕ್ಕಾ, ಹೊಸ ಸೆಲ್ ಹಾಕಿದ್ಯಾ?" ಬಚ್ಚಲಿನಿಂದ ತಮ್ಮ ಕೂಗಿದ. ಓಣಿಯವರೆಲ್ಲ ಅವನನ್ನು ಹೀರೋ ಎಂದೇ ಕರೆಯುತ್ತಿದ್ದರು.

"ಹಾಕ್ತಾ ಇದೀನಿ ಕಣೋ. ನೀನು ಮೊದ್ಲು ಮೈ ಒರೆಸ್ಕೊಂಡು ಬಾ, ಹೊತ್ತಾಯ್ತು."

ದನಿಯಲ್ಲಿ ಬೆಣ್ಣೆ, ಒಳಗೆ ಕೆಂಡ. ಯಾಕಿರಬಾರದು? ಮೇಜಿನ ಮೇಲಿದ್ದ, ಗ್ರಾಫ್ ಬಿಡಿಸುವ ಆ ದೊಡ್ಡ ಕ್ಯಾಲ್ಕುಲೇಟರ್ ಅವಳು ಡಿಪ್ಲೊಮಾ ಓದುವಾಗ ಕೊಂಡದ್ದು. ಅದರ ತೂತಿಗೆ ತಂತಿ ಸಿಕ್ಕಿಸಿ, ತಂತಿಯನ್ನು ಬಿಸ್ಕತ್ತಿನ ಡಬ್ಬಿಗೆ ತಂದು, ಡಬ್ಬಿಯೊಳಗೆ ಸ್ಪೀಕರು, ಮೇಲೆ ತಿರುಗಿಸುವ ಗುಂಡಿಗಳು, ಎಲ್ಲವನ್ನೂ ಬೆಸೆದವಳು ಅವಳು. ಲೆಕ್ಕ ಮಾಡುವ ಯಂತ್ರಕ್ಕೆ ಹಾಡಲು ಕಲಿಸುವುದೆಂದರೆ ಹುಡುಗಾಟವೇ? ತಂತಿಯಲ್ಲಿನ ಕರೆಂಟನ್ನು ಎಷ್ಟು ಬೇಗ ಹಚ್ಚಿ ಆರಿಸಬೇಕೆಂದು ಒಂದೊಂದು ಸ್ವರಕ್ಕೂ ಅಂಕಿ ಹಾಕಿ ಪ್ರೋಗ್ರಾಂ ಬರೆದಿದ್ದಳು. ಬರೆದದ್ದು ಅಮ್ಮನ ರಾಗವನ್ನು. ಹೊಲಿಗೆ ಮಿಷನ್ ತುಳಿಯುತ್ತ ಅಮ್ಮ ಗುನುಗುತ್ತಿದ್ದ, ಮಾತಿಲ್ಲದ ಒಂದು ರಾಗ. ಮಧ್ಯದಲ್ಲೊಂದು ಕಡೆ ಅದು ಮೇಲೆ ಹೋಗುವಂತೆ ಮಾಡಿ, ಒಂಚೂರು ನಡುಗಿ, ಮನಸ್ಸು ಬದಲಿಸಿ ಕೆಳಗಿಳಿಯುತ್ತಿತ್ತು. ಆ ನಡುಕ ಒಂದನ್ನು ಹಿಡಿಯಲು ಅಂಕಿ ತಿದ್ದಿ ತಿದ್ದಿ ವರ್ಷಗಳೇ ಹೋಗಿದ್ದವು. ಅಮ್ಮ ಸತ್ತಾಗ ತಮ್ಮ ಇನ್ನೂ ಚಡ್ಡಿ ಹಾಕುವ ಹುಡುಗ.

ಅವನ ಬೆರಳು ಚುರುಕು, ನಗು ಚೆನ್ನ. ವೇದಿಕೆಗೆ ನೀನೇ ಸರಿ ಎಂದು ಡಬ್ಬಿಯನ್ನು ಅವನ ಕೈಗೆ ಕೊಟ್ಟವಳೂ ಅವಳೇ. ಒಂದು ದಿನ ರೇಡಿಯೋದವರು ಅವನನ್ನು ಕರೆದು ಕೇಳಿದರು: ಇದೆಲ್ಲ ನಿಮ್ಮದೇ ಕೆಲಸವೇ? "ಎಲ್ಲಾ ನಂದೇ. ನಮ್ಮಕ್ಕ ಒಂದಿಷ್ಟು ಬೆಸುಗೆ ಹಾಕಿಕೊಟ್ಳು" ಅಂದ. ಮತ್ತೆ ಈ ರಾಗ? "ಅದು ಹಾಗೇ ಒಂದಿನ ಹೊಳೀತು." ಅನ್ನ ಬಸಿಯುತ್ತ ಕೇಳುತ್ತಿದ್ದ ಅಕ್ಕನ ಕೈ ಅಲ್ಲೇ ನಿಂತಿತು. ಹೊಳೆಯಿತಂತೆ!

ಮಾರನೇ ದಿನವೇ ವರ್ಕ್‌ಶಾಪಿಗೆ ಹೋಗಿ, ಅಲ್ಲಿದ್ದ ಇನ್ನೊಂದು ಕ್ಯಾಲ್ಕುಲೇಟರಿನಿಂದ ರಾಗದ ನಕಲನ್ನು ಅಳಿಸಿಹಾಕಿದಳು. ನಾಳೆ ಅದನ್ನೂ ಎತ್ತಿಕೊಂಡು ಹೋದರೆ ಅಕ್ಕನ ಗೊಡವೆಯೇ ಬೇಡವಲ್ಲ ಅವನಿಗೆ. ಒಂದೇ ಇರಲಿ, ಅದರ ಜುಟ್ಟು ನನ್ನ ಕೈಲಿರಲಿ ಎಂದುಕೊಂಡಳು. ಅವತ್ತಿನಿಂದ ಹಲ್ಲು ಕಚ್ಚಿಕೊಂಡು ಕಾದಿದ್ದಳು. ಈ ಭಾನುವಾರ ಮಧ್ಯಾಹ್ನ ದೊಡ್ಡ ಸಭಾಂಗಣದಲ್ಲಿ ಕಾರ್ಯಕ್ರಮ. ಜೊತೆಗೆ ಪಿಟೀಲು, ಕೊಳಲು. ಸೆಲ್ಲು ಇಳಿದಂತೆ ಕ್ಯಾಲ್ಕುಲೇಟರ್ ನಿಧಾನವಾಗುತ್ತದೆ. ಅದು ನಿಧಾನವಾದಂತೆ ಶ್ರುತಿಯೂ ಇಳಿಯುತ್ತದೆ. ಅದು ಅವನಿಗೆ ಗೊತ್ತಿಲ್ಲ. ಇಷ್ಟು ದಿನ ಗೊತ್ತಾಗದಂತೆ ನೋಡಿಕೊಂಡವಳು ಅಕ್ಕ.

ಮೂರನೇ ಸಾಲಿನ ಕೊನೆಯ ಕುರ್ಚಿಯಲ್ಲಿ ಅವಳು ಕುಳಿತಳು. ಹೀರೋ ರೇಷ್ಮೆ ಅಂಗಿ ತೊಟ್ಟು ಬಂದು ಕೈಮುಗಿದ. ಕ್ಯಾಲ್ಕುಲೇಟರಿನ ಗುಂಡಿಗಳ ಮೇಲೆ ಅವನ ಬೆರಳು ಓಡಿದವು, ಡಬ್ಬಿ ಹಾಡಿತು, ಸಭೆ ತಲೆದೂಗಿತು. ಕಡೆಗೆ ಅಮ್ಮನ ರಾಗ ಶುರುವಾಯಿತು. ಒಂದು ಸುತ್ತು ಸರಿಯಾಗಿಯೇ ಬಂತು. ಎರಡನೇ ಸುತ್ತಿನಲ್ಲಿ ಪಿಟೀಲಿನವರು ಹುಬ್ಬು ಗಂಟಿಕ್ಕಿ ತಮ್ಮ ಬಿರಡೆ ಮುಟ್ಟಿ ನೋಡಿಕೊಂಡರು. ಪಾಪ, ಅವರ ತಪ್ಪೇನಿತ್ತು? ಡಬ್ಬಿ ಜಾರುತ್ತಿತ್ತು. ಕೊಳಲಿನವನು ತುಟಿಯಿಂದ ಕೊಳಲು ಇಳಿಸಿಬಿಟ್ಟ. ರಾಗ ನೆಗಡಿ ಹಿಡಿದವರಂತೆ ಮೂಗಿನಲ್ಲಿ ಕುಯ್‌ಗುಡತೊಡಗಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಕ್ಕನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡಳು. ಈಗ ನೀನು ನನ್ನ ಕರೆಯಬೇಕು. ಮೈಕಿನಲ್ಲೇ ಕರೆಯಬೇಕು, ಎಲ್ಲರಿಗೂ ಕೇಳುವ ಹಾಗೆ.

ಹೀರೋ ನಗುತ್ತಲೇ ಸಭೆಯ ಕಡೆ ನೋಡಿದ. ಅವನ ಕಣ್ಣು ಸಾಲು ಸಾಲಾಗಿ ಅವಳನ್ನು ಹುಡುಕಿ ಬಂತು. ಅವಳು ಅಲುಗಲಿಲ್ಲ. ಅವನು ಕರೆಯಲೂ ಇಲ್ಲ. "ಒಂದೇ ನಿಮಿಷ, ಸೆಲ್ ವೀಕ್ ಆಗಿರ್ಬೇಕು" ಎಂದು ಮೈಕಿನಲ್ಲಿ ಹೇಳಿ, ಮೈಕಿನವನ ಹತ್ತಿರ ಹೊಸ ಸೆಲ್ಲು ಈಸಿಕೊಂಡು, ಕ್ಯಾಲ್ಕುಲೇಟರನ್ನು ಬೋರಲು ಹಾಕಿದ.

ಅಕ್ಕ ಕುರ್ಚಿಯ ಅಂಚಿಗೆ ಸರಿದಳು. ನೆನಪು ಉಳಿಸುವ ಒಳಗಿನ ಸಣ್ಣ ಸೆಲ್ಲು ಸತ್ತು ಯಾವ ಕಾಲವಾಯಿತು. ಆ ಮಾದರಿಯದು ಎಲ್ಲೂ ಸಿಗುತ್ತಿರಲಿಲ್ಲ. ದೊಡ್ಡ ಸೆಲ್ಲು ತೆಗೆದ ಕ್ಷಣವೇ ಬರೆದದ್ದೆಲ್ಲ ಅಳಿಸಿಹೋಗುತ್ತಿತ್ತು. ಅದಕ್ಕೇ ಅವಳು ಸೆಲ್ಲು ಬದಲಿಸುವಾಗಲೆಲ್ಲ ಮೊದಲು ಎರಡು ತಂತಿಗಳಿಂದ ಹೊರಗಿನ ಬ್ಯಾಟರಿ ಕೊಟ್ಟು, ಆಮೇಲೆ ಮುಚ್ಚಳ ತೆಗೆಯುತ್ತಿದ್ದಳು. ಎಲ್ಲ ಲೆಕ್ಕ ಹಾಕಿದ್ದವಳು ಇದೊಂದನ್ನು ಹಾಕಿರಲಿಲ್ಲ. ತಮ್ಮ ಹುಟ್ಟಿದಾರಭ್ಯ ಆ ಮುಚ್ಚಳ ಮುಟ್ಟಿದವನಲ್ಲ.

"ಬೇಡ ಕಣೋ" ಎನ್ನುತ್ತ ಎದ್ದಳು. ಸಭೆ ಪ್ರೋತ್ಸಾಹಕ್ಕೆಂದು ಚಪ್ಪಾಳೆ ಹೊಡೆಯುತ್ತಿತ್ತು. ಅವಳು ಮೆಟ್ಟಿಲು ಮುಟ್ಟುವುದರೊಳಗೆ ಹಳೇ ಸೆಲ್ಲುಗಳು ಅವನ ಅಂಗೈಯಲ್ಲಿದ್ದವು.

ವೇದಿಕೆಯ ಹಿಂದಿನ ಕೋಣೆಯಲ್ಲಿ ಅವನು ನೆಲದ ಮೇಲೆ ಕುಳಿತಿದ್ದ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

"ಎಲ್ಲಾ ಹೋಯ್ತಕ್ಕ. ವರ್ಕ್‌ಶಾಪಲ್ಲಿ ಇನ್ನೊಂದ್ರಲ್ಲಿ ಇದೆ ಅಲ್ವಾ?"

"ಇಲ್ಲ."

"ಅಮ್ಮಂದು ಅದೊಂದೇ ಇತ್ತು. ನಾನೇ ಹಾಳ್ಮಾಡ್ದೆ."

"ಅಮ್ಮಂದು ಅಂತ ಗೊತ್ತಿತ್ತಾ ನಿಂಗೆ?"

"ಗೊತ್ತಿಲ್ದೆ ಏನು?" ಅವನು ಮುಖ ಎತ್ತಲಿಲ್ಲ. "ನಿಂಗೆ ಅಮ್ಮನ ಬಗ್ಗೆ ನೂರು ನೆನಪಿದೆ. ನಂಗೆ ಅದೊಂದೇ ಇದ್ದಿದ್ದು. ಅದನ್ನಾದ್ರೂ ನಂದು ಅಂತ ಹೇಳ್ಕೊಳ್ಳೋಣ ಅನ್ನಿಸ್ತು. ತಪ್ಪಾಯ್ತು."

ಸೆಲ್ಲಿನ ವಿಷಯ ಅವಳ ನಾಲಿಗೆಯ ತುದಿಗೆ ಬಂತು. ಹೇಳಿದ್ದರೆ ಅವನ ಎದೆ ಹಗುರಾಗುತ್ತಿತ್ತು. ಆದರೆ ರೇಡಿಯೋದ ಆ ಮಾತು ಇನ್ನೂ ಕಿವಿಯಲ್ಲಿ ಕಾದ ಎಣ್ಣೆ ಹೊಯ್ಯುತ್ತಿತ್ತು.

"ಹೂಂ. ನೀನೇ ಹಾಳ್ಮಾಡ್ದೆ" ಎಂದಳು.

ಅವನು ಕಣ್ಣೊರೆಸಿಕೊಂಡ. "ಮತ್ತೆ ಬರಿ ಅಕ್ಕ. ನಾನು ಹೇಳ್ತೀನಿ, ನೀನು ಅಂಕಿ ಹಾಕು" ಎಂದು ಗುನುಗತೊಡಗಿದ. ಮಧ್ಯದ ಆ ಜಾಗಕ್ಕೆ ಬಂದವನು ನಡುಗಲೂ ಇಲ್ಲ, ಇಳಿಯಲೂ ಇಲ್ಲ. ನೆಟ್ಟಗೆ ಮೇಲೆ ಹೋಗಿಬಿಟ್ಟ.

"ಹಾಗಲ್ಲ ಅದು" ಎಂದು ಅಕ್ಕ ಬಾಯಿ ತೆರೆದಳು. ಬಾಯಿಂದ ಬಂದದ್ದು ಅವನು ಗುನುಗಿದ್ದೇ. ಮತ್ತೊಮ್ಮೆ ಗುನುಗಿ ನೋಡಿದಳು, ಮತ್ತೂ ಅದೇ. ಇಷ್ಟು ವರ್ಷ ಡಬ್ಬಿಯ ಬಾಯಿಂದ ಕೇಳಿ ಕೇಳಿ, ತನ್ನ ಕಿವಿ ಆ ಜಾಗವನ್ನು ಯಾವತ್ತೋ ಯಂತ್ರದ ಪಾಲಿಗೆ ಬಿಟ್ಟುಕೊಟ್ಟಿದ್ದು ಅವಳಿಗೆ ಗೊತ್ತೇ ಇರಲಿಲ್ಲ.

"ಇನ್ನೊಂದ್ಸಲ ಹೇಳು" ಎಂದಳು, ಅವನ ಪಕ್ಕ ನೆಲದ ಮೇಲೆ ಕೂರುತ್ತ.

ಅವನು ಮೊದಲಿನಿಂದ ಶುರುಮಾಡಿದ. ಹೊರಗೆ ಕುರ್ಚಿ ಎತ್ತಿಡುತ್ತಿದ್ದರು. ಅವಳು ತೊಡೆಯ ಮೇಲೆ ಎತ್ತಿಟ್ಟುಕೊಂಡಿದ್ದ ಕ್ಯಾಲ್ಕುಲೇಟರಿನ ಖಾಲಿ ಪರದೆಯ ಮೂಲೆಯಲ್ಲಿ, ಮೊದಲ ಅಂಕಿಗೆ ಕಾಯುವ ಕಪ್ಪು ಚೌಕವೊಂದು ಹತ್ತಿ ಆರುತ್ತಿತ್ತು. ಅವಳ ಹೆಬ್ಬೆರಳು ಗುಂಡಿಯ ಮೇಲಿತ್ತು, ಒತ್ತಿರಲಿಲ್ಲ.