ಯಾರ ಕಡೆಯವನೂ ಅಲ್ಲದ ರಾಜ

ಸುರಪುರದ ಪೇಟೆಯಲ್ಲಿ ಅಬ್ದುಲ್ ಕರೀಮ ಮಂಚದ ಕಾಲು, ತೊಟ್ಟಿಲು ಕೆತ್ತುತ್ತಿದ್ದ. ಶುಕ್ರವಾರ ನಮಾಜು ಮುಗಿಸಿ ಬಂದಮೇಲೆ ಮಾತ್ರ ಉಳಿ ಮುಟ್ಟುತ್ತಿರಲಿಲ್ಲ. ಅವತ್ತು ಅಂಗಡಿಯ ಕಟ್ಟೆಯ ಮೇಲೆ ಗೆಳೆಯ ರಂಗಣ್ಣನ ಜೊತೆ ಚದುರಂಗ. ಕಾಯಿಗಳನ್ನು ಕೆತ್ತಿದವನು ಅವನೇ. ಒಂದು ಕಡೆ ಹೈದರಾಬಾದಿನ ಬಾದಶಹ, ಇನ್ನೊಂದು ಕಡೆ ಸುರಪುರದ ನಾಯಕ. ರಂಗಣ್ಣ ಬೇಡರವನು, ನಾಯಕನ ಕುಲದವನೇ, ಕಚೇರಿಯಲ್ಲಿ ಜವಾನ. ಆದರೂ ಎಷ್ಟೋ ಸಲ ಬಾದಶಹನ ಕಡೆ ಕುಳಿತು ನಾಯಕನನ್ನು ಕಟ್ಟಿಹಾಕಿ ನಗುತ್ತಿದ್ದ. ಆಗ ಅದು ಬರೀ ಆಟವಾಗಿತ್ತು.

ನಲವತ್ತೆಂಟರಲ್ಲಿ ನಿಜಾಮನ ಆಳ್ವಿಕೆ ಮುಗಿದ ದಿನಗಳಲ್ಲಿ ಒಂದು ಗುಂಪು ಪೇಟೆಗೆ ನುಗ್ಗಿ, ನಿಜಾಮನ ಕಡೆಯವನೆಂದು ಕರೀಮನ ಅಂಗಡಿಗೆ ಬೆಂಕಿ ಹಚ್ಚಿತು. ಉಳಿಗಳನ್ನು ಹೊರತರಲು ಒಳಗೆ ಹೋದವನ ಬಲಗೈಯ ಎರಡು ಬೆರಳು ಬೆಂದವು. ರಂಗಣ್ಣ ಅವನನ್ನೂ ಅವನ ಹೆಂಡತಿ ಖಾಜಾಬಿಯನ್ನೂ ಗಾಡಿಯಲ್ಲಿ ಮೇವಿನ ಕೆಳಗೆ ಮಲಗಿಸಿ, ತಿಂಥಣಿಯಲ್ಲಿದ್ದ ತನ್ನ ಅಕ್ಕನ ಮನೆಗೆ ಮುಟ್ಟಿಸಿದ.

ಚಳಿಗಾಲ ಕಳೆದು ಮರಳಿ ಬಂದಾಗ ಅಂಗಡಿಯ ಗೋಡೆಗಳಷ್ಟೇ ನಿಂತಿದ್ದವು. ಸೂರಿನ ಸಾಗುವಾನಿ ತೊಲೆ ಅರ್ಧ ಸುಟ್ಟು ನೆಲಕ್ಕೆ ಬಿದ್ದಿತ್ತು. ಬೆರಳುಗಳು ಮಡಚುತ್ತಿರಲಿಲ್ಲ. ಕೆಲಸ ಕೊಡಲು ಯಾರೂ ಬರಲಿಲ್ಲ. ಕರೀಮ ದಿನವೆಲ್ಲ ಮನೆಯೊಳಗೇ ಕುಳಿತ.

"ಚದುರಂಗ ಕೆತ್ತು," ಎಂದ ರಂಗಣ್ಣ ಒಂದು ಮಧ್ಯಾಹ್ನ ಬಂದು. "ಕೈ ಹದಕ್ಕ ಬರ್ತದ."

ಕರೀಮ ಮನೆಯ ಕಟ್ಟೆಯ ಮೇಲೆ ಕುಳಿತು ಹಳೆಯ ಮಾದರಿಯಲ್ಲೇ ಬಾದಶಹನನ್ನು ಕೆತ್ತಲು ಶುರುಮಾಡಿದ. ಶೇಂಗಾ ವ್ಯಾಪಾರಿ ದೇವಿಂದ್ರಪ್ಪ ಹಾದುಹೋಗುತ್ತ ನಿಂತ. ಬೆಂಕಿ ಹಚ್ಚಿದ ಗುಂಪಿನಲ್ಲಿ ಕರೀಮ ಅವನ ಮುಖ ಕಂಡಿದ್ದ.

"ಇನ್ನೂ ಬಾದಶಾನ್ನ ನಿಂದ್ರಿಸ್ತಿ ಏನಪಾ? ಅಂವನ್ನ ಮಲಗಿಸಿ ಕೆತ್ತು!"

ಸುತ್ತಲಿದ್ದವರು ನಕ್ಕರು. ಕರೀಮ ಆ ಕಾಯಿಯನ್ನು ಒಯ್ದು ಒಲೆಗೆ ಹಾಕಿದ.

"ಯಾರನ್ನ ಕೆತ್ತಿದರೂ ಒಬ್ಬರಿಗೆ ಉರೀತದ," ಎಂದ ಹೆಂಡತಿಗೆ.

"ಹಂಗಾದ್ರ ಯಾರಿಗೂ ಸಂಬಂಧ ಇಲ್ಲದವರನ್ನ ಕೆತ್ತರಿ," ಎಂದಳು ಖಾಜಾಬಿ, ರೊಟ್ಟಿ ಬಡಿಯುತ್ತಲೇ.

ಅವಳು ಸಿಟ್ಟಿನಲ್ಲಿ ಅಂದಿದ್ದಳು. ಕರೀಮ ಅದನ್ನೇ ಹಿಡಿದುಕೊಂಡ. ಭೀಮೆಯ ಆಚೆ ಸನ್ನತಿಯ ಹೊಲಗಳಲ್ಲಿ ಕೆತ್ತಿದ ಹಳೆಯ ಕಲ್ಲುಗಳು ಬಿದ್ದಿವೆ ಎಂದು ಅವನ ಅಪ್ಪ ಹೇಳುತ್ತಿದ್ದ. ರಂಗಣ್ಣ ರಜೆ ಹಾಕಿದ. ಇಬ್ಬರೂ ಗಾಡಿಯಲ್ಲಿ ಶಹಾಪುರ ದಾಟಿ, ಹರಿಗೋಲು ಹತ್ತಿ ಹೊಳೆಯಾಚೆಗೆ ಇಳಿದರು.

ಕಲ್ಲುಗಳು ಜಾಲಿಗಿಡಗಳ ನಡುವೆ ಇದ್ದವು. ಆನೆ, ಕುದುರೆ, ಕೊಡೆಯ ಕೆಳಗೆ ಕುಳಿತ ಒಬ್ಬ ಅರಸ, ದಪ್ಪ ಕಡಗ ತೊಟ್ಟ ಹೆಂಗಸರು. ಕರೀಮ ಮಂಡಿಯೂರಿ, ಮಡಚದ ಬೆರಳುಗಳಿಂದ ಒಂದೊಂದು ಗೆರೆಯನ್ನೂ ಸವರಿ ನೋಡಿದ. ಅಲ್ಲೇ ಕುರಿ ಮೇಯಿಸುತ್ತಿದ್ದ ಕರೆಮ್ಮ ಎಂಬ ಮುದುಕಿಯನ್ನು ಕೇಳಿದ:

"ಯವ್ವಾ, ಇವರು ಯಾ ಮಂದಿ?"

"ಯಾರಿಗೊತ್ತಪ್ಪ. ನಮ್ಮ ಆಯಿ ಕಾಲಕ್ಕೂ ಹಿಂಗೇ ಬಿದ್ದಿದ್ದುವು."

"ನಿಮ್ಮ ಮಂದಿ ಅಲ್ಲೇನು?"

"ಅಲ್ಲ. ನಿಮ್ಮವರೇನು?"

ಕರೀಮ ನಕ್ಕ. ಬೆಂಕಿ ಬಿದ್ದ ಮೇಲೆ ಅವನು ನಕ್ಕದ್ದನ್ನು ರಂಗಣ್ಣ ಅವತ್ತೇ ಕಂಡದ್ದು.

ಒಂದು ಪಡೆ ಸನ್ನತಿಯ ಈ ಅರಸನದು ಎಂದಾಯಿತು; ಎದುರು ಪಡೆಗೆ ಅವನು ಸುರಪುರದ ಹತ್ತಿರದ ರಾಜನಕೊಳೂರಿನ ಕಲ್ಲುಗಳನ್ನು ಆರಿಸಿಕೊಂಡ. ಯಾವ ಕಾಲದವರೋ ಬಂಡೆ ನಿಲ್ಲಿಸಿ ಮೇಲೆ ಚಪ್ಪಡಿ ಹೊದಿಸಿದ ಆ ಗೋರಿಮನೆಗಳನ್ನು ಚಿಕ್ಕಂದಿನಿಂದ ನೋಡಿದ್ದ. ಅವುಗಳ ಮೇಲೆ ಮುಖವಿಲ್ಲ, ಗೆರೆಯಿಲ್ಲ. ಹಾಗಾಗಿ ಆ ಪಡೆಯ ರಾಜ ಬರೀ ಒಂದು ನಿಲುಗಲ್ಲು. ಆನೆಯ ಜಾಗದಲ್ಲಿ ಚಪ್ಪಡಿಯ ಪುಟ್ಟ ಮನೆ.

ಮರಕ್ಕೆ ಅಂಗಡಿಯ ಆ ಅರ್ಧ ಸುಟ್ಟ ತೊಲೆಯನ್ನೇ ಕೊಯ್ದ. ಇದ್ದಿಲು ಕೆರೆದರೆ ಕಂದಿದ ಪದರ ಸಿಗುತ್ತಿತ್ತು, ಅದು ನಿಲುಗಲ್ಲಿನ ಪಡೆಗೆ. ಒಳಗಿನ ಹೊಂಬಣ್ಣದ ತಿರುಳು ಸನ್ನತಿಯ ಪಡೆಗೆ. ಉಳಿಯನ್ನು ಎಡಗೈಗೆ ಕೊಟ್ಟು, ಬಲಗೈಯ ಅಂಗೈಯಿಂದಲೇ ತಳ್ಳಲು ಕಲಿತ. ಆನೆಯ ಸೊಂಡಿಲು ಮುರಿಯಿತು. ಮತ್ತೆ ಕೆತ್ತಿದ. ಮತ್ತೆ ಮುರಿಯಿತು.

"ಸುಟ್ಟ ಕಟ್ಟಿಗಿ ಅದು, ಹೊಸಾದು ತರ್ತೀನಿ," ಎಂದ ರಂಗಣ್ಣ.

"ಬ್ಯಾಡ. ಇದರಾಗೇ ಆಗಬೇಕು."

ಸೊಂಡಿಲನ್ನು ಆನೆಯ ಎದೆಗೆ ಅಂಟಿಸಿದಂತೆ ಒಳಗೆ ಸುತ್ತಿ ಕೆತ್ತಿದ. ಅದು ನಿಂತಿತು.

ಮಳೆಗಾಲದ ಹೊತ್ತಿಗೆ ಎರಡೂ ಪಡೆ ಮುಗಿದವು. ಒಂದು ಶುಕ್ರವಾರ ಕರೀಮ ಮನೆಯಲ್ಲಲ್ಲ, ಸೂರಿಲ್ಲದ ಅಂಗಡಿಯ ಕಟ್ಟೆಯ ಮೇಲೆಯೇ ಚದುರಂಗದ ಹಾಸು ಬಿಡಿಸಿದ. ಮಂದಿ ಕೂಡಿತು. ದೇವಿಂದ್ರಪ್ಪನೂ ಬಂದ.

"ಇದರಾಗ ನಮ್ಮವರು ಯಾರು?"

"ಯಾರೂ ಇಲ್ಲರಿ. ನಿಮಗ ಬೇಕಾದ ಕಡಿ ಕುಂದರ್ರಿ, ಸಾವ್ಕಾರ್ರ."

ಹತ್ತು ಜನರೆದುರು ಹಿಂದೆ ಸರಿಯಲಾಗದೆ ದೇವಿಂದ್ರಪ್ಪ ಕುಳಿತ. ನಿಲುಗಲ್ಲಿನ ರಾಜನನ್ನು ಕೈಯಲ್ಲಿ ತಿರುಗಿಸಿ ಮೂಸಿದ.

"ಹೊಗಿ ವಾಸನಿ ಬರಾಕತ್ತದ. ಯಾ ಕಟ್ಟಿಗಿ ಇದು?"

ಕರೀಮ ಅವನ ಕಣ್ಣನ್ನೇ ನೋಡಿದ. "ಈ ಅಂಗಡಿ ತೊಲಿ. ನಿಮಗ ಗೊತ್ತದ."

ರಂಗಣ್ಣ ಕಟ್ಟೆಯಿಂದ ಕಾಲು ಕೆಳಗಿಟ್ಟು ಎದ್ದು ನಿಲ್ಲಲು ಸಿದ್ಧನಾದ. ದೇವಿಂದ್ರಪ್ಪನ ಮುಖ ಕೆಂಪೇರಿ, ಆಮೇಲೆ ಇಳಿಯಿತು. ರಾಜನನ್ನು ಮೆಲ್ಲಗೆ ಹಾಸಿನ ಮೇಲೆ ಅದರ ಮನೆಯಲ್ಲಿಟ್ಟ.

"ನಡಸು ನೀ," ಎಂದ ತಗ್ಗಿದ ದನಿಯಲ್ಲಿ.

ಕರೀಮ ಕಾಲಾಳು ಸರಿಸಿದ. ದಯೆ ತೋರಿಸಲಿಲ್ಲ. ಇಳಿಹೊತ್ತಿನ ಅಸರ್ ನಮಾಜಿನ ಬಾಂಗು ಕೇಳುವ ಮೊದಲೇ ನಿಲುಗಲ್ಲಿನ ರಾಜನನ್ನು ಮೂಲೆಗೆ ಕಟ್ಟಿಹಾಕಿದ. ದೇವಿಂದ್ರಪ್ಪ ಎದ್ದುಹೋದ.

ಮುಂದಿನ ಶುಕ್ರವಾರ ಅವನು ಮತ್ತೆ ಬಂದ. ಬೆಂಕಿಯ ಮಾತನ್ನು ಅವನು ಎತ್ತಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಕರೀಮ ಮರೆಯಲೂ ಇಲ್ಲ. ಎದುರು ಕುಳಿತವನ ಕೈ ಕಾಯಿಯ ಮೇಲೆ ಬಂದಾಗಲೆಲ್ಲ ಬೆಂಕಿಯ ದಿನ ಕಂಡ ಮುಖವೇ ಕಣ್ಣಿಗೆ ಕಟ್ಟುತ್ತಿತ್ತು. ಆದರೂ ಕಟ್ಟೆ ಬಿಟ್ಟು ಏಳಲಿಲ್ಲ. ದೀಪಾವಳಿಯ ಹೊತ್ತಿಗೆ ಅಂಗಡಿಗೆ ಸೂರು ಬಂತು. ಕಚೇರಿಯವರು, ಹಳ್ಳಿಯಿಂದ ಸಂತೆಗೆ ಬಂದವರು ಆಟಕ್ಕೆ ಸರತಿ ಕಾಯತೊಡಗಿದರು, ಕಾಯುತ್ತ ಕುಳಿತವರು ತೊಟ್ಟಿಲು ಮಾಡಲೂ ಹೇಳಿದರು.

"ನಿನ್ನ ಕೂಡ ಆಡಾಕ ನನಗ ಪಾಳೇನೇ ಸಿಗವಲ್ದಲ್ಲೋ!" ಎಂದು ರಂಗಣ್ಣ ಒಂದು ದಿನ ಬೈದ.

"ಮುಂಜಾನಿ ಬಾ," ಎಂದ ಕರೀಮ, "ಬಾಗಲಾ ತೆಗೆದಿರ್ತೀನಿ."