ಬಸಪ್ಪ ಆರಿಸಿದ ಗೇಮ್ ಡಬ್ಬ

ನಮ್ಮೂರಿನ ಗಂಡಸರಿಗೆ ತಲೆ ಇದೆ, ತಲೆಯ ಮೇಲೆ ಬಗೆಬಗೆಯ ಕ್ರಾಪೂ ಇದೆ. ಒಳಗೆ ಏನಿದೆ ಎಂದು ಮಾತ್ರ ನನ್ನನ್ನು ಕೇಳಬೇಡಿ. ಒಂದು ಗೇಮ್ ಡಬ್ಬ ಆರಿಸಲಾರದೆ ಮೂರು ವಾರ ಕಿತ್ತಾಡಿ, ಕೊನೆಗೆ ಬಸವನ ಕಾಲಿಗೆ ಬಿದ್ದ ಜನ ಇವರು. ಆ ಬಸವನ ಹಗ್ಗ ಹಿಡಿಯುವವನು ನಾನು, ಕೆಂಪಸಿದ್ದಯ್ಯ. ಬೆಳಕವಾಡಿ ದಾಟಿ ಎಡಕ್ಕೆ ಒಳಗೆ ಬಂದರೆ ಸಿಗುವ ಗರುಗನಕೊಪ್ಪಲಿನಲ್ಲಿ ಮೂವತ್ತೊಂದು ವರ್ಷದಿಂದ ನನಗೆ ಅದೇ ಕೆಲಸ.

ನಮ್ಮ ಕಡೆ ದೇವರ ಹೆಸರಿನಲ್ಲಿ ಬಿಟ್ಟ ಬಸವನನ್ನು ಊರಿನವರು ಬಸಪ್ಪ ಅನ್ನುತ್ತಾರೆ. ಗುಡಿಗೆ ಪೂಜಾರಿ ಯಾರಾಗಬೇಕು, ಬೋರು ಎಲ್ಲಿ ಕೊರೆಸಬೇಕು, ಅಣ್ಣತಮ್ಮಂದಿರ ಜಗಳದಲ್ಲಿ ಯಾರದು ಸರಿ, ಎಲ್ಲಕ್ಕೂ ಬಸಪ್ಪ ಬರಬೇಕು. ಬಂದು ಯಾರ ಮುಂದೆ ಪಾದ ಎತ್ತುತ್ತಾನೋ ಅದೇ ತೀರ್ಪು. ಹಗ್ಗ ಹಿಡಿದವನಿಗೆ ಎರಡೇ ಕಟ್ಟಳೆ. ಹಗ್ಗ ಸಡಿಲ ಬಿಟ್ಟಿರಬೇಕು, ಬಾಯಿ ಬಿಗಿ ಹಿಡಿದಿರಬೇಕು. ಯಾರ ಪರವಾಗಿಯೂ ಒಂದು ಮಾತು ಆಡಕೂಡದು. ಇಷ್ಟು ವರ್ಷದಲ್ಲಿ ನಾನು ಒಂದು ಸಲವೂ ಹಗ್ಗ ಎಳೆದವನಲ್ಲ. ನನ್ನ ಸ್ವಂತ ತಮ್ಮನ ಗದ್ದೆ ಅವನ ಕೈಬಿಟ್ಟು ಹೋದ ದಿನವೂ ಎಳೆಯಲಿಲ್ಲ. ನನ್ನ ಹತ್ತಿರ ಇದ್ದ ಮಾನ ಅದೊಂದೇ.

ಡಬ್ಬದ ಕತೆ ಶುರುವಾದದ್ದು ಕರಿಯಪ್ಪನಿಂದ. ಶಿವನಸಮುದ್ರದ ಪವರ್‌ಹೌಸಿನಲ್ಲಿ ಕೆಲಸ ಮಾಡಿ ನಿವೃತ್ತನಾದ ಪುಣ್ಯಾತ್ಮ. ಊರಿನ ಸಮುದಾಯ ಭವನಕ್ಕೆ ದೊಡ್ಡದೊಂದು ಟಿ.ವಿ. ಕೊಡಿಸಿದ. ಪಂಚಾಯ್ತಿಯಿಂದ ನೆಟ್ಟಿನ ವೈರು ಮೊದಲೇ ಬಂದಿತ್ತು. ಟಿ.ವಿ.ಗೆ ಒಂದು ಗೇಮ್ ಡಬ್ಬ ಸಿಕ್ಕಿಸಿದರೆ ಹುಡುಗರು ಆಟ ಆಡಿಕೊಳ್ಳಲಿ, ದೊಡ್ಡವರು ಸಿನಿಮಾ ನೋಡಲಿ, ನೆಟ್ಟೂ ಬರುತ್ತದೆ, ಯಾವುದು ಬೇಕು ಅಂತ ನೀವೇ ಒಮ್ಮತಕ್ಕೆ ಬಂದು ಹೇಳಿ, ಕೊಡಿಸುತ್ತೇನೆ ಅಂದ. ಒಮ್ಮತ! ಈ ಊರಿನಲ್ಲಿ! ಇಷ್ಟು ವರ್ಷ ಇಲ್ಲಿ ಬದುಕಿಯೂ ಅವನಿಗೆ ಆ ಪದ ಎಲ್ಲಿಂದ ನೆನಪಾಯಿತೋ.

ಇರುವುದು ಎರಡು ಜಾತಿ ಡಬ್ಬ. ಪ್ಲೇಸ್ಟೇಷನ್ ಅನ್ನುವುದೊಂದು, ಬಿಳಿ. ಎಕ್ಸ್‌ಬಾಕ್ಸ್ ಅನ್ನುವುದಿನ್ನೊಂದು, ಕರಿ. ಪಂಚಾಯ್ತಿ ಮೆಂಬರ್ ರಾಜೇಂದ್ರ ಬಿಳಿಯದೇ ಆಗಬೇಕು ಅಂದ. ಅಷ್ಟು ಸಾಕಾಯಿತು, ಮಳವಳ್ಳಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಅಂಬರೀಶ್ ಕರಿಯದೇ ಆಗಬೇಕು ಅಂದ. ಇಬ್ಬರೂ ಹೋದ ಚುನಾವಣೆಯಲ್ಲಿ ಎದುರುಬದುರು ನಿಂತವರು. ಇಬ್ಬರೂ ಆ ಡಬ್ಬಗಳನ್ನು ಕೈಯಲ್ಲಿ ಮುಟ್ಟಿದವರಲ್ಲ. ಆದರೂ ಟೀ ಅಂಗಡಿ ಮುಂದೆ ನಿಂತು ಅವರು ಆಡಿದ ಮಾತು ಕೇಳಬೇಕಿತ್ತು ನೀವು. ಇದರಲ್ಲಿ ಪಿಚ್ಚರ್ ಇಷ್ಟು ಕೆ, ಅದರಲ್ಲಿ ಜಿ.ಬಿ. ಅಷ್ಟು, ಇದರ ಫ್ಯಾನು ಸದ್ದು ಮಾಡುವುದಿಲ್ಲ, ಅದರ ರಿಮೋಟಿಗೆ ಸೆಲ್ಲು ಬೇಕು. ಬೇರೆ ಯಾರೋ ಯೂಟ್ಯೂಬಿನಲ್ಲಿ ಹೇಳಿದ್ದನ್ನು ಬೆಳಿಗ್ಗೆ ಕೇಳಿಸಿಕೊಂಡು ಸಾಯಂಕಾಲ ತಮ್ಮದೇ ಅನುಭವದ ಹಾಗೆ ಕಕ್ಕುವುದು. ಎರಡು ವಾರಕ್ಕೆ ಬಿಳಿಯವರು, ಕರಿಯವರು ಅಂತ ಊರು ಎರಡಾಯಿತು. ಮನೆಯ ಟಿ.ವಿ. ಆನ್ ಮಾಡಲು ಹೆಂಡತಿಯನ್ನು ಕೂಗುವ ಗಂಡಸರು ಕೂಡ ಒಂದೊಂದು ಪಕ್ಷ ಸೇರಿಕೊಂಡರು. ಥೂ!

ಈ ಡಬ್ಬ ನಿಜವಾಗಿ ಬೇಕಾಗಿದ್ದುದು ಒಬ್ಬಳಿಗೆ. ನನ್ನ ಮಗಳು ಕುಸುಮ. ಡಿಗ್ರಿ ಮುಗಿಸಿ, ಬಿ.ಎಡ್. ಮುಗಿಸಿ, ಶಿಕ್ಷಕರ ಅರ್ಹತಾ ಪರೀಕ್ಷೆಗೆ ಕೂತಿದ್ದಾಳೆ. ಹೋದ ಸಲ ನಾಲ್ಕು ಅಂಕದಲ್ಲಿ ಹೋಯಿತು. ಮಂಡ್ಯದ ಒಂದು ಕೋಚಿಂಗಿನವರು ದಿನಾ ಸಾಯಂಕಾಲ ಆರಕ್ಕೆ ನೆಟ್ಟಿನಲ್ಲೇ ಪಾಠ ಶುರು ಮಾಡುವವರಿದ್ದರು. ಊರಿನ ಇನ್ನೂ ಆರು ಹುಡುಗಿಯರು ಇವಳ ಜೊತೆ ಸೇರಿದ್ದರು. ಏಳು ಜನ ಒಂದು ಒಡೆದ ಫೋನಿನ ಸುತ್ತ ತಲೆ ತಲೆ ತಾಗಿಸಿ ಕೂತರೆ ಬೋರ್ಡಿನ ಮೇಲೆ ಬರೆದದ್ದು ಇರುವೆ ಸಾಲಿನ ಹಾಗೆ ಕಾಣುತ್ತದೆ. ಭವನದ ದೊಡ್ಡ ಟಿ.ವಿ. ಸಿಕ್ಕಿದರೆ ಈ ಸಲ ಪಾಸಾಗುತ್ತೇನೆ ಅಂತ ಅವಳು ಲೆಕ್ಕ ಹಾಕಿಕೊಂಡಿದ್ದಳು.

ಅವಳು ಊರಿನವರ ಹಾಗೆ ಟೀ ಅಂಗಡಿಯಲ್ಲಿ ನಿಲ್ಲಲಿಲ್ಲ. ಮಂಡ್ಯಕ್ಕೆ ಬಸ್ಸು ಹತ್ತಿ ಹೋಗಿ, ಅಂಗಡಿಯಲ್ಲಿ ಎರಡನ್ನೂ ಹಾಕಿಸಿ, ತಾನೇ ಒತ್ತಿ ನೋಡಿ ಬಂದಳು. ಆಮೇಲೆ ಭವನದ ಸಭೆಯಲ್ಲಿ ಎದ್ದು ನಿಂತು, ಎರಡರಲ್ಲೂ ಸಿನಿಮಾ ಬರುತ್ತದೆ, ಯೂಟ್ಯೂಬ್ ಬರುತ್ತದೆ, ಆಟವೂ ಬರುತ್ತದೆ, ಆ ಲೆಕ್ಕಕ್ಕೆ ಯಾವುದಾದರೂ ಒಂದೇ ಅಂದಳು. ಆದರೆ ನಮಗೆ ಬೇಕಾದ ವೆಬ್‌ಸೈಟಿನ ಹೆಸರು ಹೊಡೆದು ತೆಗೆಯುವ ಬ್ರೌಸರು ಕರಿಯದರಲ್ಲಿ ಇದೆ, ಬಿಳಿಯದರಲ್ಲಿ ಅದಕ್ಕೆ ಜಾಗ ಕೊಟ್ಟಿಲ್ಲ. ಪಾಠ ನಡೆಯುವುದು ಕೋಚಿಂಗಿನವರ ವೆಬ್‌ಸೈಟಿನಲ್ಲಿ, ಪರೀಕ್ಷೆಯ ಅರ್ಜಿ ಹಾಕುವುದೂ ಹಾಗೆಯೇ ಅಂದಳು. ಎರಡು ನಿಮಿಷದ ಮಾತು. ಮೂರು ವಾರದಲ್ಲಿ ಈ ಊರಿನಲ್ಲಿ ಯಾರಾದರೂ ಆಡಿದ ಬುದ್ಧಿಯ ಮಾತು ಅದೊಂದೇ.

ರಾಜೇಂದ್ರ ತಲೆ ಎತ್ತಿಯೂ ನೋಡಲಿಲ್ಲ. "ನೀನು ಸುಮ್ಕೆ ಕುಂತ್ಕೊಮ್ಮ, ಇದು ಟೆಕ್ನಿಕಲ್ ವಿಸ್ಯ" ಅಂದ. ಕರಿಯ ಡಬ್ಬದ ಅಂಬರೀಶನಾದರೂ ಇವಳ ಮಾತು ಹಿಡಿದುಕೊಳ್ಳಬೇಡವೆ? ಅವನು ಹಲ್ಲು ಕಿರಿದು, ಹೆಣ್ಣುಮಕ್ಕಳ ಪಾಠಕ್ಕೆ ಡಬ್ಬ ತರುತ್ತಿಲ್ಲ, ಸೌಂಡ್ ಎಫೆಕ್ಟಿಗೆ ತರುತ್ತಿರುವುದು ಅಂದ. ಎಲ್ಲರೂ ನಕ್ಕರು. ಕುಸುಮ ಅಷ್ಟು ಜನರ ನಡುವೆ ಒಂದು ಸಲ ನನ್ನ ಕಡೆ ನೋಡಿದಳು. ನಾನು ಕಂಬಕ್ಕೆ ಒರಗಿ ಕೂತಿದ್ದೆ. ಬಸವನ ಹಗ್ಗ ಹಿಡಿಯುವವನು ಮಾತಾಡಕೂಡದು. ನಾನು ಮಾತಾಡಲಿಲ್ಲ.

ಪಾಠ ಸೋಮವಾರ ಶುರು ಅನ್ನುವಾಗ ಶುಕ್ರವಾರ ಯಜಮಾನ ಹೊನ್ನಯ್ಯನವರಿಗೆ ಜ್ಞಾನೋದಯವಾಯಿತು. ಬಸಪ್ಪನನ್ನೇ ಕೇಳೋಣ ಅಂದರು. ಇಲ್ಲಿಯವರೆಗೆ ಒಂದು ಮಾತಿಗೂ ಒಪ್ಪದ ಎರಡೂ ಪಕ್ಷದವರು ಇದಕ್ಕೆ ಮಾತ್ರ ಒಂದೇ ಸಲ ತಲೆ ಅಲ್ಲಾಡಿಸಿದರು. ಅಂಬರೀಶ ಗುರುತಿನ ಅಂಗಡಿಯಿಂದ ಎರಡು ಡಬ್ಬವನ್ನೂ ಸೀಲು ಒಡೆಯದೆ ತಂದ, ಬೇಡವಾದದ್ದನ್ನು ವಾಪಸು ಕೊಡುವ ಮಾತಿನ ಮೇಲೆ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬೋರಿನ ನೀರಿಗೆ ಬಸಪ್ಪ ಸರಿ. ಜಿ.ಬಿ.ಗೂ ಬಸಪ್ಪನೆ? ಮೇವು, ಹಿಂಡಿ ಬಿಟ್ಟು ಬೇರೇನೂ ಅರಿಯದ ಮೂಕಪ್ರಾಣಿಗೆ ಇವರ ಅಹಂಕಾರದ ಗಂಟು ಹೊರಿಸುವುದೆ?

ಶನಿವಾರ ಬೆಳಿಗ್ಗೆ ಗುಡಿಯ ಮುಂದೆ ಕಂಬಳಿ ಹಾಸಿ, ಹತ್ತು ಹೆಜ್ಜೆ ದೂರಕ್ಕೆ ಒಂದೊಂದು ಡಬ್ಬ ಇಟ್ಟರು. ಎರಡಕ್ಕೂ ಅರಿಶಿನ, ಕುಂಕುಮ, ಸೇವಂತಿಗೆ ಹೂವು. ಮಹಾಮಂಗಳಾರತಿಯೂ ಆಯಿತು. ಬಿಳಿ ಡಬ್ಬದ ಹೂವಿನ ಅಡಿಯಲ್ಲಿ ಬೆಲ್ಲದ ಉಂಡೆ ಇಟ್ಟಿದ್ದಾನೆ ರಾಜೇಂದ್ರ, ನನಗೆ ವಾಸನೆ ಬಂತು. ನನಗೇ ಬಂದ ಮೇಲೆ ಬಸಪ್ಪನಿಗೆ ಬರುವುದಿಲ್ಲವೆ? ಕರಿಯ ಡಬ್ಬದ ಹಿಂದೆ ಅಂಬರೀಶ ಬಾಳೆಹಣ್ಣಿನ ಸಿಪ್ಪೆ ಇಟ್ಟಿದ್ದ. ಜಿಪುಣ ನನ್ನ ಮಗ, ಹಣ್ಣನ್ನು ತಾನು ತಿಂದು ದೇವರಿಗೆ ಸಿಪ್ಪೆ!

ಹಗ್ಗ ಸಡಿಲ ಬಿಟ್ಟೆ. ಬಸಪ್ಪ ಒಂದು ಗಳಿಗೆ ನಿಂತ. ಆಮೇಲೆ ನೆಟ್ಟಗೆ ಬಿಳಿ ಡಬ್ಬದ ಕಡೆ ಹೊರಟ. ನಾಲ್ಕು ಹೆಜ್ಜೆ, ಐದು ಹೆಜ್ಜೆ. ರಾಜೇಂದ್ರನ ಕಡೆಯವರು ಆಗಲೇ ಕೈ ಮುಗಿಯುತ್ತಿದ್ದರು. ಹೆಂಗಸರ ಗುಂಪಿನಲ್ಲಿ ಕುಸುಮ ನಿಂತಿದ್ದಳು. ಅವಳ ಮುಖದಲ್ಲಿ ಸಿಟ್ಟು ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಸಿಟ್ಟೂ ಇರಲಿಲ್ಲ. ಇನ್ನೊಂದು ವರ್ಷ ಹೋಯಿತು ಅಂತ ಅವಳು ಆಗಲೇ ಒಪ್ಪಿಕೊಂಡುಬಿಟ್ಟಿದ್ದಳು.

ನಾನು ಹಗ್ಗ ಎಳೆದೆ. ಮಣಿಕಟ್ಟು ಅರ್ಧ ತಿರುಗಿಸಿದೆ, ಅಷ್ಟೆ. ಮೂಗುದಾರ ಅಷ್ಟಕ್ಕೇ ತಿಳಿದುಕೊಳ್ಳುತ್ತದೆ. ಬಸಪ್ಪ ನಿಂತ, ತಿರುಗಿದ, ಕರಿಯ ಡಬ್ಬದ ಮುಂದೆ ಹೋಗಿ ಪಾದ ಎತ್ತಿ ಅದರ ಮೂಲೆಯ ಮೇಲೆ ಇಟ್ಟ. ರಟ್ಟು ಒಳಕ್ಕೆ ಹೋಯಿತು. ತಮಟೆ ಬಿತ್ತು, ಸಿಳ್ಳೆ ಬಿತ್ತು. ಬೆಲ್ಲದ ಕಡೆ ಹೋಗುತ್ತಿದ್ದವನು ಬೆಲ್ಲ ಬಿಟ್ಟು ಬಂದನಲ್ಲ, ಇದಕ್ಕಿಂತ ಸತ್ಯ ಬೇಕಾ ಅಂತ ಹೊನ್ನಯ್ಯ ಕಣ್ಣಲ್ಲಿ ನೀರು ಹಾಕಿಕೊಂಡರು. ಬೆಲ್ಲ ಇತ್ತು ಅನ್ನುವುದು ಅವರಿಗೂ ಗೊತ್ತಿತ್ತು ಅಂತಾಯಿತು. ರಾಜೇಂದ್ರ ಕೂಡ ಬಸಪ್ಪನ ಮುಂದೆ ಅಡ್ಡಬಿದ್ದು ತಪ್ಪಾಯಿತು ಅಂದ. ನನ್ನ ಮಗಳು ಎರಡು ನಿಮಿಷದಲ್ಲಿ ಬಿಡಿಸಿ ಹೇಳಿದ್ದು ಅವನ ತಲೆಗೆ ಹೋಗಲಿಲ್ಲ, ಗೊರಸಿನ ಏಟಿಗೆ ಹೋಯಿತು.

ಮಗಳು ಖುಷಿಯಾಗಿರುತ್ತಾಳೆ ಅಂದುಕೊಂಡು ಮನೆಗೆ ಹೋದೆ. ತಟ್ಟೆಗೆ ಮುದ್ದೆ ಹಾಕಿದಳು, ಸೊಪ್ಪಿನ ಸಾರು ಬಿಟ್ಟಳು, ಎದುರಿಗೆ ಕೂತಳು. ಚಿಕ್ಕವಳಿದ್ದಾಗಿಂದ ಬಸಪ್ಪನ ಹಿಂದೆ ನನ್ನ ಜೊತೆ ಊರೂರು ನಡೆದವಳು ಅವಳು. ನನ್ನ ಮಣಿಕಟ್ಟು ಅವಳಿಗೆ ಗೊತ್ತಿಲ್ಲದ್ದಲ್ಲ.

"ಎಳ್ದಲ್ಲಪ್ಪ" ಅಂದಳು.

ನಿನಗೋಸ್ಕರವೇ ಎಳೆದದ್ದು, ಮೂವತ್ತೊಂದು ವರ್ಷದ ಕಟ್ಟಳೆ ನಿನಗೋಸ್ಕರ ಮುರಿದೆ ಅಂದೆ. ಸ್ವಲ್ಪ ಜಂಬವೂ ಇತ್ತು ಅನ್ನಿ ನನ್ನ ದನಿಯಲ್ಲಿ.

"ಅವತ್ತು ಸಬೇಲಿ ನಾನು ಒಬ್ಳೇ ನಿಂತ್ಕಂಡು ಯೋಳ್ತಿದ್ದಾಗ ನೀನು ಕಂಬುಕ್ ಒರಿಕ್ಕಂಡ್ ಕುಂತಿದ್ದೆ. ನನ್ ಮಗ್ಳು ಯೋಳ್ತಾ ಇರದು ಕೇಳ್ರಲಾ ಅಂತ ಒಂದ್ ಮಾತು ಅಂದಿದ್ರೆ ಸಾಕಾಗಿತ್ತು" ಅಂದಳು. "ಈಗ ಊರಿಗೆ ಯೋಳಿರೋನು ಬಸಪ್ಪ. ನಾನಲ್ಲ. ನಾಳಿಕ್ಕೆ ಇನ್ನೊಂದು ವಿಸ್ಯಕ್ಕೆ ನಾನು ಬಾಯ್ ಬುಟ್ರೆ, ಸುಮ್ಕೆ ಕುಂತ್ಕೊ ಅಂತ್ಲೇ ಅಂತಾರೆ."

ಇಷ್ಟು ದಿನ ಊರಿನವರನ್ನೆಲ್ಲ ತಲೆ ಇಲ್ಲದವರು, ಬಾಯಿ ಬಡುಕರು ಅಂತ ಬೈದುಕೊಂಡು ಓಡಾಡಿದವನು ನಾನು. ತಲೆ ಇದ್ದೂ, ಬಾಯಿ ಇದ್ದೂ, ಮಗಳ ಪರವಾಗಿ ಆಡಬೇಕಾದ ಮಾತನ್ನು ಮೂಕಪ್ರಾಣಿಯ ಮೂಗು ಎಳೆದು ಆಡಿಸಿದ ಗಂಡಸು ಯಾರು? ರಾಜೇಂದ್ರನಲ್ಲ, ಅಂಬರೀಶನಲ್ಲ. ಆ ಮುದ್ದೆ ನನಗೆ ಮುಗಿಯಲಿಲ್ಲ.

ಸೋಮವಾರ ಸಾಯಂಕಾಲ ಐದೂವರೆಗೆ ಭವನದಲ್ಲಿ ಉದ್ಘಾಟನೆ. ಡಬ್ಬಕ್ಕೆ ಹಾರ, ಟಿ.ವಿ.ಗೆ ಹಾರ. 'ಶ್ರೀ ಬಸಪ್ಪನವರ ಆಯ್ಕೆ' ಅಂತ ಫ್ಲೆಕ್ಸು, ಅದರಲ್ಲಿ ಬಸಪ್ಪನ ಎಡಕ್ಕೆ ರಾಜೇಂದ್ರ, ಬಲಕ್ಕೆ ಅಂಬರೀಶ, ಇಬ್ಬರೂ ನಗುತ್ತಿದ್ದಾರೆ. ಮುಂದಿನ ಕುರ್ಚಿಗಳಲ್ಲಿ ಗಂಡಸರು. ಕುಸುಮ ಮತ್ತು ಆ ಆರು ಹುಡುಗಿಯರು ಪುಸ್ತಕ ಹಿಡಿದುಕೊಂಡು ಹಿಂದೆ ಗೋಡೆಯ ಹತ್ತಿರ ನಿಂತಿದ್ದರು. ಬಸಪ್ಪನನ್ನು ಆಚೆ ಬೇವಿನ ಮರಕ್ಕೆ ಕಟ್ಟಿ ನಾನು ಒಳಗೆ ಬಂದೆ. ಹೊನ್ನಯ್ಯ ಬಸಪ್ಪನ ಮಹಿಮೆಯ ಮೇಲೆ ಭಾಷಣ ಮಾಡುತ್ತಿದ್ದರು. ನಾನು ಅವರ ಮಾತು ಮುಗಿಯಲು ಬಿಡಲಿಲ್ಲ, ಸೀದಾ ಟಿ.ವಿ. ಮುಂದೆ ಹೋಗಿ ನಿಂತೆ.

"ಬಸಪ್ಪ ಬಿಳಿ ಡಬ್ಬುಕ್ಕೇ ಓಯ್ತಿದ್ದ. ಅಗ್ಗ ಎಳ್ದೋನು ನಾನು. ಯಾವ್ದು ಸರಿ ಅಂತ ಯೋಳಿದ್ದು ನನ್ ಮಗ್ಳು, ಮಂಡ್ಯಕ್ಕೋಗಿ ನೋಡ್ಕಂಡ್ ಬಂದು ಇಲ್ಲೇ ನಿಂತ್ಕಂಡ್ ಯೋಳಿದ್ಳು. ನೀವೂ ಕೇಳ್ನಿಲ್ಲ, ನಾನೂ ಬಾಯ್ ಬುಡ್ನಿಲ್ಲ" ಅಂದೆ.

ಕಲ್ಲು ಬೀಳುತ್ತದೆ, ಚಪ್ಪಲಿ ಬೀಳುತ್ತದೆ, ಹಗ್ಗ ಇವತ್ತೇ ಕಿತ್ತುಕೊಳ್ಳುತ್ತಾರೆ ಅಂದುಕೊಂಡು ನಿಂತೆ. ಹೊನ್ನಯ್ಯ ಹತ್ತಿರ ಬಂದು ನನ್ನ ಎರಡೂ ಕೈ ಹಿಡಿದುಕೊಂಡು ಕಣ್ಣಿಗೆ ಒತ್ತಿಕೊಂಡರು.

"ನಿನ್ ಕೈಲಿ ಎಳ್ಸಿದ್ದು ಯಾರ್ಲಾ ಸಿದ್ದಯ್ಯ?" ಅಂದರು. "ಮೂವತ್ತೊಂದು ವರ್ಸ ಎಳೀದಿರೋ ಕೈಯಿ ಅವತ್ತೇ ಯಾಕ್ಲಾ ಎಳೀತು? ಅದೂ ಅವುನ್ದೇ ಕಣ್ಲಾ!"

ಸಭೆ ಒಂದೇ ಸಲ ಹೋ ಅಂದಿತು. ರಾಜೇಂದ್ರ ನನ್ನ ಕಾಲಿಗೆ ಬಿದ್ದ. ಅಂಬರೀಶ ಫೋಟೊ ತೆಗೆದ. ನನ್ನ ಮಾನವನ್ನು ಕಿತ್ತು ನಾಲ್ಕು ಜನರ ಮುಂದೆ ಇಟ್ಟರೆ, ಈ ಪುಣ್ಯಾತ್ಮರು ಅದಕ್ಕೂ ಅರಿಶಿನ ಕುಂಕುಮ ಹಚ್ಚಿಬಿಟ್ಟರು. ಕುಸುಮನ ಹೆಸರು ಹೇಳಿದೆನಲ್ಲ, ಅದು ಒಬ್ಬನ ಕಿವಿಗಾದರೂ ಬಿದ್ದಿದ್ದರೆ ಕೇಳಿ. ತಮಟೆಯವನನ್ನು ಮುಂದೆ ಬಿಟ್ಟುಕೊಂಡು ಎಲ್ಲರೂ ಬೇವಿನ ಮರದ ಕಡೆ ನುಗ್ಗಿದರು. ಎರಡು ನಿಮಿಷದಲ್ಲಿ ಕುರ್ಚಿಗಳೆಲ್ಲ ಖಾಲಿ.

ಉಳಿದದ್ದು ಏಳು ಹುಡುಗಿಯರು, ನಾನು. ಕುಸುಮ ಮುಂದೆ ಬಂದು ಟಿ.ವಿ.ಯ ಹಾರ ತೆಗೆದು ಪಕ್ಕಕ್ಕಿಟ್ಟಳು. ಡಬ್ಬದ ರಿಮೋಟು ಕೈಗೆ ತೆಗೆದುಕೊಂಡು ಒಂದೊಂದೇ ಅಕ್ಷರ ಒತ್ತಿದಳು. ಪರದೆಯ ತುಂಬ ಹಸಿರು ಬೋರ್ಡು ಬಂತು, ಅದರ ಮುಂದೆ ಕನ್ನಡಕದ ಮೇಷ್ಟ್ರು.

"ಬಾಗ್ಲಾಕಪ್ಪ, ಗದ್ಲ" ಅಂದಳು.

ಬಾಗಿಲು ಹಾಕಿ ಚಿಲಕ ಇಟ್ಟು ಅಲ್ಲೇ ನೆಲದ ಮೇಲೆ ಕೂತೆ. ಮೇಷ್ಟ್ರು ಹಾಜರಿ ಕೂಗಲು ಶುರು ಮಾಡಿದರು. ಇಲ್ಲಿಂದ ಮಾತಾಡಿದ್ದು ಅವರಿಗೆ ಕೇಳುವುದಿಲ್ಲವಂತೆ, ಅಕ್ಷರ ಒತ್ತಿಯೇ ತಿಳಿಸಬೇಕಂತೆ. ಕೆ. ಕುಸುಮ, ಗರುಗನಕೊಪ್ಪಲು ಅಂದರು. ಅವಳು ಬೆರಳಿನಲ್ಲಿ ಒತ್ತುತ್ತಲೇ, ಆಚೆಯ ತಮಟೆ ಮುಳುಗುವ ಹಾಗೆ ಗಟ್ಟಿಯಾಗಿ ಕೂಗಿದಳು.

"ಇದ್ದೀನಿ ಸಾರ್."